ಗೆರೆ ಮುಟ್ಟುವಷ್ಟು ಜೊಲ್ಲು

ಡಿಸೆಂಬರ್ ೧೧, ಗುರುವಾರ
ನಿಮ್ಮ ಮನೆಯ ಮಹಡಿ ಕೋಣೆಯಿಂದ

ನನ್ನ ಬಾಬಿನ್‌ಗೆ,

ನಿನಗೂ, ಗಾಜಿನ ಪೆಟ್ಟಿಗೆ ಬಿಟ್ಟು ಹೊರಗೆ ಬರುವಷ್ಟು ದೊಡ್ಡವಳಾದ ನನ್ನ ಮೊಮ್ಮಗಳಿಗೂ ಅಮ್ಮನ ಆಶೀರ್ವಾದ. ಮದುವೆಯಾಗಿ ಮಗಳ ತಾಯಿಯಾದವಳನ್ನು ಇನ್ನೂ ಬಾಬಿನ್ ಎಂದು ಕರೆಯುತ್ತೀಯಲ್ಲ ಎಂದು ನೀನು ಮುಖ ಸಿಂಡರಿಸುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ನಾನೇನು ಮಾಡಲಿ. ಹೊಲಿಗೆ ಯಂತ್ರದ ಕೆಳಗೆ ದಾರ ಸುತ್ತುವ ಬಾಬಿನ್ನಿನ ಹಾಗೆ ಗಿರಗಿರನೆ ತಿರುಗುತ್ತ ಬೆಳೆದವಳು ನೀನು. ಬೇರೆ ಹೆಸರು ನನ್ನ ಪೆನ್ನಿಗೆ ಬರುವುದಿಲ್ಲ.

ಖಾಲಿ ಊಟದ ಡಬ್ಬಿಯ ಜೊತೆ ನೀನು ಆಸ್ಪತ್ರೆಯಿಂದ ಕಳಿಸಿದ ಚೀಟಿ ಮಂಗಳವಾರವೇ ಅಳಿಯಂದಿರ ಕೈಯಿಂದ ನನಗೆ ತಲುಪಿತು. "ಅಮ್ಮ, ಹೇಗಿದ್ದೀಯ, ಜ್ವರ ಬಂತಾ, ಸರಿಯಾಗಿ ಊಟ ಮಾಡು" ಎಂದು ಇಷ್ಟೇ ಬರೆದಿದ್ದೆ. ಇಷ್ಟಕ್ಕೆ ಉತ್ತರ ಕೊಡಲು ಇಷ್ಟು ತಡ ಮಾಡಿದ್ದಕ್ಕೆ ಬೇಜಾರಾಗಬೇಡ. ಕಾಗದ ಸಿಗಲಿಲ್ಲ ಎಂದು ಸುಳ್ಳು ಹೇಳೋಣವೆಂದರೆ ಅಳಿಯಂದಿರ ಮೇಜಿನ ಮೇಲೆ ರಾಶಿ ಬಿದ್ದಿದೆ. ಬರೆಯಲು ಕುಳಿತಾಗಲೆಲ್ಲ ಜಗಳದ ದನಿ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ಈಗಲೂ ಬರಬಹುದು. ಬಂದರೆ ನಿನ್ನ ಅಮ್ಮನ ದನಿಯೇ ಅಷ್ಟು ಎಂದುಕೊಂಡು ಓದು.

ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಮಾಡಿದ್ದೆ. ಎರಡು ಸಲವೂ ಎತ್ತಿದವರು ನಿಮ್ಮತ್ತೆ. "ಅವಳ ಕೈಯಲ್ಲಿ ಮಗು ಇದೆ, ಏನ್ ಹೇಳ್ಬೇಕು ಹೇಳಿ, ನಾನು ಹೇಳ್ತೀನಿ" ಎಂದರು. ನನ್ನ ಮಗಳಿಗೆ ನಾನು ಹೇಳಬೇಕಾದದ್ದನ್ನು ಅವರ ಬಾಯಿಂದ ಹೇಳಿಸಲೇ? ಚೆನ್ನಾಗಿದ್ದೇನೆ ಎಂದು ಹೇಳಿ ಇಟ್ಟುಬಿಟ್ಟೆ. ಅವರ ದನಿಯೋ, ಒಂದನೇ ತರಗತಿಯ ಮಕ್ಕಳಿಗೆ ಪಾಠ ಹೇಳಿ ಹೇಳಿ ಬೆಣ್ಣೆಯಂತಾದ ದನಿ. ನನ್ನದು ಗಿರಾಕಿಗಳ ಜೊತೆ ಕೂಗಾಡಿ ಗೊಗ್ಗರಾದದ್ದು. ಮಗುವಿನ ಕಿವಿಗೆ ಯಾವುದು ಹಿತ ಎಂದು ನನಗೂ ಗೊತ್ತಿದೆ, ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಸಮಾಚಾರ ಕೇಳಿದೆಯಲ್ಲ. ಜ್ವರವಿಲ್ಲ. ಮೂಗು ಸ್ವಲ್ಪ ಸೋರುತ್ತದೆ, ಗಂಟಲು ಕೆರೆಯುತ್ತದೆ, ಅಷ್ಟೇ. ಇಷ್ಟು ಶೀತವಿದ್ದಾಗ ನಾನು ಶಾಲೆಯ ಸಮವಸ್ತ್ರದ ರಾಶಿಯನ್ನೇ ಹೊಲಿದು ಮುಗಿಸಿದವಳು. ಆದರೆ ಆ ಲ್ಯಾಬಿನವಳು ಸೋಮವಾರ ಫೋನು ಮಾಡಿ "ನಿಮ್ಮ ಜೊಲ್ಲಲ್ಲಿ ವೈರಸ್ ಸಿಕ್ಕಿದೆ" ಎಂದ ಮೇಲೆ ನಾನು ಇಲ್ಲಿ ಕಳ್ಳಿಯ ಹಾಗೆ ಬಾಗಿಲು ಹಾಕಿಕೊಂಡು ಕುಳಿತಿದ್ದೇನೆ. ಅಳಿಯಂದಿರು ಮೆಟ್ಟಿಲ ಮೇಲೆ ತಟ್ಟೆ ಇಟ್ಟು, ಬಾಗಿಲು ತಟ್ಟಿ, ಕೆಳಗಿಳಿದು ಹೋಗುತ್ತಾರೆ. ಪಾಪ, ಒಳ್ಳೆಯವರು. ಅನ್ನ ಮಾತ್ರ ಮುದ್ದೆಯಾಗಿರುತ್ತದೆ.

ನಿನಗೆ ಒಳಗಿನಿಂದ ಎಲ್ಲವೂ ಕಂಡಿರಲಿಕ್ಕಿಲ್ಲ. ಹೊರಗಿನ ಕಾರಿಡಾರಿನಲ್ಲಿ ನಡೆದದ್ದನ್ನು ನಾನು ಹೇಳದೆ ಇನ್ನು ಯಾರು ಹೇಳುತ್ತಾರೆ. ನಿಮ್ಮತ್ತೆ ಹೇಳಿರುತ್ತಾರೆ, ಆದರೆ ಅವರು ಎಲ್ಲವನ್ನೂ ಅಂಚು ಮಡಚಿ ಹೊಲಿದಂತೆ ಹೇಳುವವರು. ಸಿಕ್ಕು ಬಿದ್ದ ದಾರವನ್ನು ನನ್ನಿಂದಲೇ ಕೇಳು.

ಮಗುವನ್ನು ಪೆಟ್ಟಿಗೆಯಿಂದ ತೆಗೆದ ದಿನ ವಾರ್ಡಿನ ಸಿಸ್ಟರ್ ನನ್ನನ್ನೂ ನಿಮ್ಮತ್ತೆಯನ್ನೂ ಬಾಗಿಲ ಹತ್ತಿರ ನಿಲ್ಲಿಸಿಕೊಂಡು ಹೇಳಿದರು. "ಈ ಚಳಿಯಲ್ಲಿ ಸಣ್ಣ ಕೂಸುಗಳ ಎದೆಗೆ ಇಳಿಯೋ ವೈರಸ್ ಓಡಾಡ್ತಾ ಇದೆ. ದೊಡ್ಡವರಿಗೆ ಮೂಗು ಸೋರತ್ತೆ, ಮುಗೀತು. ತಿಂಗಳು ತುಂಬದೆ ಹುಟ್ಟಿರೋ ಕೂಸಿಗೆ ಉಸಿರೇ ಕಷ್ಟ ಆಗತ್ತೆ. ಅದಕ್ಕೇ ತಾಯಿ ಜೊತೆ ಒಳಗೆ ಒಬ್ಬರು ಮಾತ್ರ. ತಾಯಿಗೆ ಸುಸ್ತಾದಾಗ ಅವರು ಕೂಸನ್ನ ಬೆಚ್ಚಗಿರೋ ಹಾಗೆ ಎದೆ ಮೇಲೆ ಹಾಕ್ಕೊಂಡು ಕೂರ್ಬೇಕು. ಹೆಂಗಸರ ಕೋಣೆ, ಗಂಡಸರಿಗೆ ಬಿಡಲ್ಲ. ಯಾರು ಬರ್ತೀರೋ ಅವರು ಮೊದಲು ಜೊಲ್ಲು ಕೊಟ್ಟು ಪರೀಕ್ಷೆ ಮಾಡಿಸ್ಕೊಳ್ಳಿ."

ನಾನು ನಿನ್ನ ಮುಖ ನೋಡಿದೆ. ನಿಮ್ಮತ್ತೆಯೂ ನೋಡಿದರು. ನೀನು ಮಂಚದ ಮೇಲಿಂದಲೇ, "ಅಮ್ಮ, ನಾನೇನು ಹೇಳ್ಲಿ. ನಿಮ್ಮಿಬ್ಬರಲ್ಲಿ ಯಾರ ಪರೀಕ್ಷೆ ಮೊದಲು ಸರಿ ಬರತ್ತೋ ಅವರು ಬನ್ನಿ" ಎಂದೆ. ಎಷ್ಟು ನ್ಯಾಯವಾದ ಮಾತು ಎಂದು ನನಗೆ ಹೆಮ್ಮೆಯಾಯಿತು. ಜೊಲ್ಲು ತಾನೇ, ಅದರಲ್ಲಿ ಸೋಲುವುದೇನಿದೆ ಎಂದುಕೊಂಡೆ. ಮೂವತ್ತು ವರ್ಷ ದಾರದ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸಿದವಳು ನಾನು. ಈ ಪಂದ್ಯ ನನ್ನದೇ ಎಂದು ಒಳಗೊಳಗೇ ಬೀಗಿದೆ.

ಲ್ಯಾಬಿನವಳು ನಮಗೆ ಒಂದೊಂದು ಕೊಳವೆ ಕೊಟ್ಟಳು. ಮೇಲೆ ಸಣ್ಣ ಆಲಿಕೆ, ಪಕ್ಕದಲ್ಲಿ ಒಂದು ಗೆರೆ. "ಉಗುಳ್ಬೇಡಿ. ಕೆಮ್ಮಿ ಕಫ ತೆಗೀಬೇಡಿ. ತಲೆ ಬಗ್ಗಿಸಿ, ಬಾಯಲ್ಲಿ ತುಂಬಿದ್ದನ್ನ ಹಾಗೇ ಇಳಿಯೋಕೆ ಬಿಡಿ, ನಿದ್ದೆಯಲ್ಲಿ ಮಕ್ಕಳು ಜೊಲ್ಲು ಸುರಿಸಲ್ವಾ, ಹಾಗೆ. ಗೆರೆ ಮುಟ್ಬೇಕು. ನೊರೆ ಲೆಕ್ಕಕ್ಕಿಲ್ಲ" ಎಂದಳು. ಮೊದಲೆಲ್ಲ ಮೂಗಿಗೆ ಉದ್ದನೆಯ ಕಡ್ಡಿ ತೂರಿಸುತ್ತಿದ್ದರಂತೆ. ಜನ ಹೆದರಿ ಬರುವುದನ್ನೇ ಬಿಡುತ್ತಿದ್ದರಂತೆ. ಇದಾದರೆ ದಿನ ಬಿಟ್ಟು ದಿನ ಕೊಟ್ಟರೂ ನೋವಿಲ್ಲ, ಮೂಗಿನಲ್ಲಿ ಸಿಗುವ ವೈರಸ್ಸು ಬಹಳ ಮಟ್ಟಿಗೆ ಜೊಲ್ಲಿನಲ್ಲೂ ಸಿಗುತ್ತದೆ ಎಂದು ವಿವರಿಸಿದಳು. ನಾನು ತಲೆಯಾಡಿಸಿದೆ. ಗೋಡೆಯ ಕಡೆ ತಿರುಗಿ ತಲೆ ಬಗ್ಗಿಸಿದೆ.

ಬಾಬಿನ್, ಒಂದು ಹನಿ ಬರಲಿಲ್ಲ. ನಾಲಿಗೆ ಹಳೆಯ ಗೋಣಿಚೀಲದಂತೆ ಅಂಟಿಕೊಂಡಿತ್ತು. ರಕ್ತದೊತ್ತಡಕ್ಕೆಂದು ನುಂಗುವ ಮಾತ್ರೆ ಬಾಯಿ ಒಣಗಿಸುತ್ತದೆ ಎಂದು ಡಾಕ್ಟರು ಯಾವಾಗಲೋ ಹೇಳಿದ್ದರು. ಒಣಗಿದರೆ ನೀರು ಕುಡಿದರಾಯಿತು ಎಂದು ನಾನೂ ಸುಮ್ಮನಿದ್ದೆ. ಈಗ ನೋಡಿದರೆ ಪರೀಕ್ಷೆಗೆ ಮೊದಲು ಅರ್ಧ ಗಂಟೆ ನೀರನ್ನೂ ಕುಡಿಯುವಂತಿಲ್ಲ. ಪಕ್ಕದಲ್ಲಿ ನಿಮ್ಮತ್ತೆ ಆಗಲೇ ಮುಚ್ಚಳ ತಿರುಗಿಸಿ, ಕೊಳವೆಯನ್ನು ಒರೆಸಿ, ಲ್ಯಾಬಿನವಳ ಕೈಗೆ ಕೊಟ್ಟು, "ಸಾಕಾ, ಇನ್ನೂ ಬೇಕಾ" ಎಂದು ಕೇಳುತ್ತಿದ್ದರು. ಇನ್ನೂ ಬೇಕಾ ಅಂತೆ. ಒಂದು ಕೊಡ ತುಂಬಿಸಿ ಕೊಡುವವರ ಹಾಗೆ. ಒಬ್ಬರ ಜೊಲ್ಲು ನೋಡಿ ಇನ್ನೊಬ್ಬರು ಹೊಟ್ಟೆಕಿಚ್ಚು ಪಡುವುದುಂಟೇ ಎಂದು ನಗಬೇಡ, ನಾನು ಪಟ್ಟೆ.

ನನ್ನ ಕೊಳವೆಯಲ್ಲಿ ಬರೀ ನೊರೆ. "ಪರವಾಗಿಲ್ಲ ಅಮ್ಮ, ನಾಳೆ ಬನ್ನಿ" ಎಂದಳು ಲ್ಯಾಬಿನವಳು. ಹಾಗಾದರೆ ಮೂಗಿಗೇ ಕಡ್ಡಿ ಹಾಕು ತಾಯಿ ಎಂದೆ. ರಕ್ತ ತೆಳುವಾಗುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತೀರಿ, ಮೂಗಿನಲ್ಲಿ ರಕ್ತ ಬಂದರೆ ನಿಲ್ಲಿಸುವುದು ಕಷ್ಟ, ಬೇಡ ಎಂದಳು. ನೋಡು ನನ್ನ ಹಣೆಬರಹ, ಒಂದು ಮಾತ್ರೆ ಬಾಯಿ ಮುಚ್ಚಿಸಿತು, ಇನ್ನೊಂದು ಮೂಗು ಮುಚ್ಚಿಸಿತು.

ಮರುದಿನ ನಿಮ್ಮತ್ತೆಯ ಪರೀಕ್ಷೆ ಸರಿ ಬಂತು. ಹಸಿರು ಗೌನು ತೊಟ್ಟು, ಕೈ ತೊಳೆದು ಒಳಗೆ ಹೋದರು. ಹೋಗುವ ಮೊದಲು ನನ್ನ ಕೈ ಹಿಡಿದು, "ನೀವು ಬರೋವರೆಗೆ ಅಷ್ಟೇ. ನಿಮ್ಮದು ಸರಿ ಹೋದ ತಕ್ಷಣ ನಾನು ಎದ್ದುಬಿಡ್ತೀನಿ" ಎಂದರು. ಇನ್ನೊಂದು ಮಾತೂ ಹೇಳಿದರು: "ನಿಂಬೆಹಣ್ಣು ನೆನೆಸ್ಕೊಳ್ಳಿ. ಸುಮ್ನೆ ನೆನೆಸ್ಕೊಂಡ್ರೆ ಸಾಕು, ಬಾಯಲ್ಲಿ ನೀರು ಬರತ್ತೆ. ತಿನ್ನೋಕೆ ಹೋಗ್ಬೇಡಿ ಮತ್ತೆ."

ಅವರು ಹೇಳಿದ್ದಕ್ಕೇ ನನಗೆ ತಿನ್ನಬೇಕೆನಿಸಿತು. ನೆನೆಸಿಕೊಂಡೇ ಗೆರೆ ಮುಟ್ಟಿಸುವುದು ಟೀಚರಮ್ಮನಿಗೆ ಸಾಕು, ನಾನು ಕೈಯಲ್ಲಿ ಕೆಲಸ ಮಾಡಿ ಬದುಕಿದವಳು. ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ನಿಂಬೆಹಣ್ಣು ತೆಗೆದುಕೊಂಡು ಒಂದು ಹೋಳನ್ನು ಕರವಸ್ತ್ರದಲ್ಲಿ ಸುತ್ತಿ ಇಟ್ಟುಕೊಂಡೆ. ಕಾರಿಡಾರಿನ ತುದಿಗೆ ಹೋಗಿ ಚೀಪಿದೆ. ಆಹಾ, ಏನು ಪ್ರವಾಹ ಅಂತೀಯ. ಗೆರೆ ದಾಟಿ ಹೋಯಿತು. ತಲೆ ಎತ್ತಿ ನಡೆದು ಬಂದು ಕೊಳವೆಯನ್ನು ಲ್ಯಾಬಿನವಳ ಕೈಗಿಟ್ಟೆ.

ಸಂಜೆ ಅವಳು ನನ್ನನ್ನು ಪಕ್ಕಕ್ಕೆ ಕರೆದಳು. "ಅಮ್ಮ, ಹುಳಿ ಏನಾದ್ರೂ ತಿಂದ್ರಾ?" ನಾನು ಇಲ್ಲ ಎಂದೆ. "ಯಂತ್ರ ನಿಮ್ಮ ಮಾದರೀನ ಓದ್ತಾನೇ ಇಲ್ಲ. ಹುಳಿ ಸೇರಿದ್ರೆ ಹೀಗೆ ಆಗತ್ತೆ. ಕೊಳವೇಲಿ ನಿಂಬೆ ವಾಸನೇನೂ ಇದೆ." ಕೈಯಲ್ಲಿದ್ದ ಕರವಸ್ತ್ರವನ್ನು ಸೊಂಟಕ್ಕೆ ಸಿಕ್ಕಿಸಹೋದೆ. ಕರವಸ್ತ್ರದಿಂದ ಒಂದು ಬೀಜ ನೆಲಕ್ಕೆ ಬಿತ್ತು. ಅವಳು ನೋಡಿಯೂ ನೋಡದ ಹಾಗೆ ಮುಖ ತಿರುಗಿಸಿದಳು, ಒಳ್ಳೆಯ ಹೆಂಗಸು. ಆದರೆ ಇನ್ನೊಂದು ದಿನ ಹೋಯಿತಲ್ಲ. ಆ ದಿನವೂ ಮಗು ಅವರ ಎದೆಯ ಮೇಲೆಯೇ ಮಲಗಿತು.

ನಾನು ಗಾಜಿನ ಹೊರಗೆ ನಿಂತು ನೋಡಿದೆ. ನಾನೇ ಹೊಲಿದ ಅಂಗಿ ತೊಡಿಸಿದ್ದಿರಿ, ಹಳದಿ ಬಣ್ಣದ್ದು. ಚರ್ಮ ಇನ್ನೂ ಎಳೆಯದು, ಒತ್ತದಿರಲಿ ಎಂದು ಹೊಲಿಗೆಯೆಲ್ಲ ಹೊರಮೈಗೆ ಬರುವಂತೆ ಹೊಲಿದಿದ್ದೆನಲ್ಲ, ಅದು. ನೋಡಿದವರು ಅಂಗಿ ತಿರುಗಿಸಿ ಹಾಕಿದ್ದಾರೆ ಎಂದುಕೊಳ್ಳಬೇಕು, ಹಾಗಿದೆ. ನನ್ನ ಅಂಗಿ ಒಳಗೆ ಹೋಯಿತು, ನಾನು ಹೊರಗೆ ಉಳಿದೆ. ನಿಮ್ಮತ್ತೆ ಕಣ್ಣು ಮುಚ್ಚಿಕೊಂಡು ಏನೋ ಗುನುಗುತ್ತಿದ್ದರು. ಮಗುವಿನ ಅಂಗೈ ಅವರ ಕುತ್ತಿಗೆಯ ಮೇಲಿತ್ತು. ನೀನು ಪಕ್ಕದಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದೆ. ಹೆರಿಗೆಯಾದಾಗಿನಿಂದ ನೀನು ಅಷ್ಟು ಚೆನ್ನಾಗಿ ನಿದ್ದೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಸಂತೋಷಪಡಬೇಕಿತ್ತು. ಪಡಲಿಲ್ಲ. ನಾನಿದ್ದಾಗ ಹೀಗೆ ಮಲಗಿದ್ದಾಳೆಯೇ ಎಂದು ಯೋಚಿಸಿದೆ, ಮನಸ್ಸು ಕಹಿಯಾಯಿತು.

ರಾತ್ರಿ ನಿಮ್ಮಪ್ಪ ಊರಿಂದ ಫೋನು ಮಾಡಿದರು. ಎಲ್ಲ ಹೇಳಿದೆ. ನನ್ನ ಕಷ್ಟ ಕೇಳಿ ಆ ಮಹಾನುಭಾವರು ಏನೆಂದರು ಗೊತ್ತೇ? "ಇಷ್ಟು ವರ್ಷ ನನ್ನ ಮೇಲೆ ಬಾಯಿ ಮಾಡಿ ಮಾಡಿ ಎಲ್ಲಾ ಖರ್ಚಾಗಿದೆ, ಈಗೆಲ್ಲಿಂದ ಬರ್ಬೇಕು" ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, "ಮಗು ಯಾರ ಎದೆ ಮೇಲಿದ್ರೂ ಬೆಚ್ಚಗಿದ್ರೆ ಸಾಕಲ್ವೇನೇ" ಎಂದರು. ಸಾಕು, ಯಾರು ಬೇಡ ಎಂದರು. ಆದರೆ ನನ್ನ ಎದೆಯೇನು ತಣ್ಣಗಿದೆಯೇ?

ಮೂರನೆಯ ಸಲದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಬೆಳಿಗ್ಗೆ ನಾನು ಕೊಳವೆ ಹಿಡಿದು ಬೆಂಚಿನ ಮೇಲೆ ಕುಳಿತಿದ್ದೆ. ನಿಂಬೆ ನೆನೆಸಿಕೊಂಡೆ, ಹುಣಸೆ ನೆನೆಸಿಕೊಂಡೆ, ನಿನ್ನ ಬಸುರಿನ ಬಯಕೆಗಳನ್ನೆಲ್ಲ ನೆನೆಸಿಕೊಂಡೆ, ಏನೂ ಆಗಲಿಲ್ಲ. ಅತ್ತರೆ ಕಣ್ಣಿಂದಲಾದರೂ ನೀರು ಬರುತ್ತಿತ್ತು, ಅದು ಕೊಳವೆಗೆ ನಡೆಯುವುದಿಲ್ಲ. ನಿಮ್ಮತ್ತೆ ಕಾಫಿ ಕುಡಿಯಲು ಹೊರಗೆ ಬಂದವರು ನನ್ನನ್ನು ಕಂಡು ಪಕ್ಕದಲ್ಲಿ ಕುಳಿತರು. ನನ್ನ ಮುಂದೆ ಕುಡಿಯಬಾರದೆಂದು ಕಾಫಿ ಲೋಟವನ್ನು ದೂರದ ಕಿಟಕಿಯ ಮೇಲಿಟ್ಟರು. ಮಾಸ್ಕ್ ಸರಿಪಡಿಸಿಕೊಂಡು, "ನಾಚ್ಕೋಬೇಡಿ, ಒಂದ್ನಿಮಿಷ ತಲೆ ಬಗ್ಸಿ" ಎಂದು ನನ್ನ ಹಿಂದೆ ನಿಂತು, ಎರಡೂ ಕಿವಿಗಳ ಕೆಳಗೆ, ಕೆನ್ನೆಯ ಮೇಲೆ, ಬೆರಳಿನಿಂದ ಮೆಲ್ಲಗೆ ಸುತ್ತಿಸಿ ತಿಕ್ಕತೊಡಗಿದರು. ಶಾಲೆಗೆ ಬಂದ ದಂತವೈದ್ಯರು ಹೇಳಿಕೊಟ್ಟದ್ದಂತೆ. ಆಮೇಲೆ ದವಡೆಯ ಕೆಳಗೆ.

ಏನು ಹೇಳಲಿ, ಬಂತು. ನಿಧಾನವಾಗಿ, ನಾಲಿಗೆಯ ಅಡಿಯಿಂದ, ತಿಳಿಯಾಗಿ ಬಂತು. ನಾನು ಬೀಗಿತ್ತಿಯ ಕೈಯಲ್ಲಿ ಮುಖ ಕೊಟ್ಟು, ಮಗುವಿನ ಹಾಗೆ ಜೊಲ್ಲು ಸುರಿಸುತ್ತ ಕುಳಿತಿದ್ದೆ. ಅವರ ಬೆರಳು ಬೆಚ್ಚಗಿದ್ದವು. ನನ್ನಮ್ಮ ಹೋದ ಮೇಲೆ ನನ್ನ ಮುಖವನ್ನು ಯಾರೂ ಹಾಗೆ ಮುಟ್ಟಿರಲಿಲ್ಲ. ಗೆರೆ ಮುಟ್ಟಿದಾಗ ಅವರು ಚಪ್ಪಾಳೆ ತಟ್ಟಿದರು, ಒಂದನೇ ತರಗತಿಯವರಿಗೆ ತಟ್ಟುವಂತೆ. ನಾನೂ ನಕ್ಕುಬಿಟ್ಟೆ. ಆ ಒಂದು ಗಳಿಗೆ ನನಗೆ ಅವರ ಮೇಲೆ ಯಾವ ಸಿಟ್ಟೂ ಇರಲಿಲ್ಲ, ನಿಜವಾಗಿ.

ಆ ಕೊಳವೆಯಲ್ಲೇ ವೈರಸ್ ಸಿಕ್ಕಿತು. ಮಗುವಿನ ಹತ್ತಿರ ಹೋಗಿರಲಿಲ್ಲವಲ್ಲ ಎಂದು ನೆಮ್ಮದಿಯೇನೋ ಆಯಿತು, ಇಲ್ಲವೆಂದರೆ ಸುಳ್ಳು. ನಡುವೆ ಎರಡು ಸೀನು ಬಂದಿದ್ದವು, ಬಟ್ಟೆಯ ದೂಳು ಎಂದುಕೊಂಡಿದ್ದೆ. ನೊರೆಯಿಂದ ಗೆರೆ ಮುಟ್ಟಿಸಿ ಕೊಟ್ಟು, ಲ್ಯಾಬಿನವಳೂ ಅದನ್ನು ಒಪ್ಪಿ, ನಾನು ಒಳಗೆ ಬಂದು ಆ ಪುಟ್ಟ ಎದೆಯ ಮೇಲೆ ಸೀನಿದ್ದರೆ? ಆದ್ದರಿಂದ ಪರೀಕ್ಷೆಯ ಮೇಲೆ ನನಗೆ ದೂರಿಲ್ಲ. ನಿಮ್ಮತ್ತೆಗೂ ಮತ್ತೆ ಪರೀಕ್ಷೆ ಮಾಡಿದರಂತೆ, ಸರಿಯಾಗಿದೆಯಂತೆ. ಅವರದ್ದು ಯಾವಾಗಲೂ ಸರಿಯಾಗಿಯೇ ಇರುತ್ತದೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಬೆನ್ನಿಗೆ ದಿಂಬು ಇಟ್ಟುಕೊಳ್ಳದೆ ಹಾಲು ಕುಡಿಸಬೇಡ. ಇನ್ನೆರಡು ಅಂಗಿ ಕತ್ತರಿಸಿಟ್ಟಿದ್ದೇನೆ, ಆದರೆ ಶೀತ ಹೋಗುವವರೆಗೆ ಮುಟ್ಟುವುದಿಲ್ಲ. ಆಮೇಲೆ ಹೊಲಿದು, ಬಿಸಿನೀರಿನಲ್ಲಿ ಒಗೆದು ಕಳಿಸುತ್ತೇನೆ. ನಿಮ್ಮತ್ತೆಗೆ ನಾನು ಕೇಳಿದೆನೆಂದು ಹೇಳು. ಕಾಫಿ ಆರಿಹೋಯಿತಲ್ಲ ಅವತ್ತು, ಅದಕ್ಕೆ ಬೇಜಾರಾಯಿತು ಎಂದೂ ಹೇಳು. ನಿನ್ನ ಮಗಳು ದಿನಕ್ಕೊಂದು ಗುಲಗಂಜಿಯಷ್ಟಾದರೂ ತೂಕ ಹೆಚ್ಚಿಸಿಕೊಳ್ಳಲಿ, ನಿನಗೆ ಕಣ್ಣು ತುಂಬ ನಿದ್ದೆ ಬರಲಿ. ನೂರು ವರ್ಷ ಬಾಳಿ ಇಬ್ಬರೂ.

ಇಂತು,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ. ಇದನ್ನು ಬರೆಯಬಾರದೆಂದೇ ಮೇಲಿನದ್ದನ್ನೆಲ್ಲ ಬರೆದೆ, ಆದರೆ ಕಾಗದ ಮಡಚಲು ಕೈ ಬರುತ್ತಿಲ್ಲ. ಸೋಮವಾರ ಲ್ಯಾಬಿನವಳು ಫೋನಿನಲ್ಲಿ ನನ್ನನ್ನು ಸಮಾಧಾನ ಮಾಡಲು ಹೋಗಿ ಹೇಳಿದಳು: "ಬೇಜಾರ್ ಮಾಡ್ಕೋಬೇಡಿ ಅಮ್ಮ. ಹೇಗಿದ್ರೂ ಒಳಗೆ ಇರೋದು ಅವರತ್ತೇನೇ ಅಂತ ನಿಮ್ಮ ಮಗಳು ಮೊದಲನೇ ದಿನವೇ ಸಿಸ್ಟರ್‌ಗೆ ಹೇಳಿದ್ರಲ್ಲ. ಅಮ್ಮ ಮನಸ್ಸಿಗೆ ಹಚ್ಕೋತಾರೆ, ಅವರ ಸಮಾಧಾನಕ್ಕೆ ಅವರದ್ದೂ ತಗೊಳ್ಳಿ ಅಂದಿದ್ರು. ತಗೊಂಡಿದ್ದು ಒಳ್ಳೇದೇ ಆಯ್ತು ನೋಡಿ." ನನಗೆ ಗೊತ್ತಿದೆ ಅಂದುಕೊಂಡು ಹೇಳಿದಳು ಪಾಪ. ಅವಳನ್ನು ಏನೂ ಕೇಳಬೇಡ.

ನೀನು ಅವರನ್ನೇ ಯಾಕೆ ಆರಿಸಿಕೊಂಡೆ ಎಂದು ಕೇಳುವುದಿಲ್ಲ. ಗಾಜಿನ ಹೊರಗೆ ನಿಂತು ನೋಡಿದ್ದೇನೆ, ಅವರು ಪಕ್ಕದಲ್ಲಿದ್ದರೆ ನಿನಗೆ ನಿದ್ದೆ ಬರುತ್ತದೆ. ನಾನಿದ್ದರೆ ನನ್ನ ಗಾಬರಿಯನ್ನೂ ನೀನೇ ಸಂಭಾಳಿಸಬೇಕು. ಅಷ್ಟು ನನಗೆ ಅರ್ಥವಾಗುತ್ತದೆ. ಬೇಡ ಅಮ್ಮ ಎಂದು ನನ್ನ ಮುಖಕ್ಕೆ ಹೇಳಿದ್ದರೆ ಕೂಗಾಡುತ್ತಿದ್ದೆ, ಅಳುತ್ತಿದ್ದೆ, ಆಮೇಲೆ ಸುಮ್ಮನಾಗುತ್ತಿದ್ದೆ. ಒಣಗಿದ ಬಾಯಿ ಹಿಡಿದುಕೊಂಡು ಗೆಲ್ಲುತ್ತೇನೆಂದು ದಿನಗಟ್ಟಲೆ ಕುಳಿತಿರುತ್ತಿರಲಿಲ್ಲ.

ಒಂದೇ ಒಂದು ತಿಳಿಸು. ಎರಡು ಸಾಲಿನ ಚೀಟಿ ಸಾಕು, ಡಬ್ಬಿಯಲ್ಲಿಟ್ಟು ಕಳಿಸು. ಬೆಂಚಿನ ಮೇಲೆ ನನ್ನ ಕೆನ್ನೆ ತಿಕ್ಕುವಾಗ ನಿಮ್ಮತ್ತೆಗೆ ಇದು ಗೊತ್ತಿತ್ತೇ?